ಕಾರ್ಯದರ್ಶಿಗಳ ಕೈಗುಣ

ಸಹಕಾರ ಸಂಘದ ಲ್ಯಾಪ್‌ಟಾಪ್ ಜೋರಾಗಿ ಓಡಲೆಂದು ಕಾರ್ಯದರ್ಶಿ ವಿರೂಪಣ್ಣನವರ ಅಳಿಯ ಅದರ ಮೆಮೊರಿಯ ವೇಗ ಏರಿಸಿಟ್ಟು ಹೋದ. ಅಂದಿನಿಂದ ಅದು ಕೆಲಸದ ನಡುವೆಯೇ ಆರಿಹೋಗತೊಡಗಿತು. ವೇಗ ಇಳಿಸೋಣವೆಂದು ಟೈಪಿಸ್ಟ್ ನೀಲಾಂಬಿಕೆ ಹೇಳಿದ್ದೇ ತಡ, ವಿರೂಪಣ್ಣ ಸಿಡಿದರು.

"ನಮ್ಮ ಅಳಿಯಂದಿರ ಕೆಲಸದಲ್ಲೇ ತಪ್ಪು ಹುಡುಕ್ತೀಯಾ? ನಿನ್ನ ಕೈಗುಣವೇ ಸರಿಯಿಲ್ಲ!"

ಅದೂ ಸಭೆಗೆ ಬಂದಿದ್ದ ಸಂಘದ ನಿರ್ದೇಶಕರೆಲ್ಲರ ಎದುರಿಗೆ! ನೀಲಾಂಬಿಕೆಗೆ ಮೈಯೆಲ್ಲ ಉರಿಯಿತು. ಆದರೂ ಕೈಮುಗಿದು, "ಹಾಗಾದರೆ ಈ ಸಭೆಯ ವರದಿಯನ್ನು ನಿಮ್ಮ ಒಳ್ಳೇ ಕೈಯಿಂದಲೇ ಮುಗಿಸಿಕೊಡಿ ಸಾರ್" ಎಂದು ಕುರ್ಚಿ ಬಿಟ್ಟುಕೊಟ್ಟಳು.

ವಿರೂಪಣ್ಣ ಗತ್ತಿನಿಂದ ಕೂತರು. ಒಂದು ಸಾಲು ಮುಗಿಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರು, ಮತ್ತೆ ಕಪ್ಪು. ನಿರ್ದೇಶಕರೆಲ್ಲ ಅವರ ಕೈಯನ್ನೇ ನೋಡತೊಡಗಿದರು. ವಿರೂಪಣ್ಣ ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡರು.

"ಕೈಯದೇನೂ ತಪ್ಪಿಲ್ಲ. ಅಳಿಯ ವೇಗ ಜಾಸ್ತಿ ಮಾಡಿಬಿಟ್ಟಿದ್ದಾನೆ, ಇಳಿಸು" ಎಂದು ಗೊಣಗಿದರು.

"ಸ್ವಲ್ಪ ಜೋರಾಗಿ ಹೇಳಿ ಸಾರ್," ಎಂದಳು ನೀಲಾಂಬಿಕೆ, "ನಿರ್ದೇಶಕರಿಗೆ ಕೇಳಿಸಲಿಲ್ಲ."

ಅವರು ಜೋರಾಗಿ ಹೇಳಿದ ಮೇಲೆಯೇ ಅವಳು ವೇಗ ಇಳಿಸಿದ್ದು.