ಬೋರಣ್ಣನ ಶಾಮಿಯಾನ ಅಂಗಡಿಯಲ್ಲಿ ಸಣ್ಣೀರ

ರಾಜನೂ ಇಲ್ಲ, ಮಂತ್ರಿಯೂ ಇಲ್ಲ, ಕಂಪ್ಯೂಟರು ಮಾತ್ರ ಇತ್ತು, ಅಂಥ ಒಂದು ಸಂತೆ ಊರು. ಆ ಊರಲ್ಲಿ ಜವನಮ್ಮ ಅಂತ ಒಬ್ಬ ತಾಯಿ. ಅವಳಿಗೆ ಸಣ್ಣೀರ ಅಂತ ಒಬ್ಬನೇ ಮಗ. ಆಳು ಎತ್ತರ, ಮೈ ಗಟ್ಟಿ, ಮನಸ್ಸು ಹಾಲು. ಬುದ್ಧಿ? ಬುದ್ಧಿಯ ಮಾತು ಬೇಡ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಎಳ್ಳು ಹೆಚ್ಚಿಲ್ಲ, ಒಂದು ಎಳ್ಳು ಕಡಿಮೆಯಿಲ್ಲ.

"ಹಾಲು ಉಕ್ಕುತ್ತೆ, ನೋಡ್ತಾ ಇರು ಮಗ" ಅಂತ ಹೇಳಿ ತಾಯಿ ನೀರಿಗೆ ಹೋದಳು. ಬಂದು ನೋಡಿದರೆ ಒಲೆ ತುಂಬ ಹಾಲು!

"ನೋಡ್ದೆ ಅವ್ವ! ಕಣ್ಣು ಮಿಟುಕಿಸದೆ ನೋಡ್ದೆ! ಎಷ್ಟು ಚೆನ್ನಾಗಿ ಉಕ್ತು ಗೊತ್ತಾ!"

"ಅಯ್ಯೋ ನನ್ನ ಕರ್ಮವೇ! ದೇವರು ನಿನಗೆ ಎರಡು ಕಿವಿ ಕೊಟ್ಟ, ನಡುವೆ ಏನೂ ಇಡಲಿಲ್ಲವಲ್ಲೋ!"

ಜವನಮ್ಮನಿಗೆ ಇದ್ದದ್ದು ಒಂದೇ ಆಸೆ. ತನ್ನ ಅಣ್ಣ ಹಲಗೇಗೌಡನ ಮಗಳು ಚೆಲುವಿಯನ್ನು ಸೊಸೆ ಮಾಡಿಕೊಳ್ಳಬೇಕು. ಹಲಗೇಗೌಡ ಮೀಸೆ ತಿರುವಿ ಹೇಳಿದ: "ನೋಡವ್ವ ಜವನಿ, ನಿನ್ನ ಮಗ ಎಲ್ಲೂ ಒಂದು ವಾರ ನಿಲ್ಲೋನಲ್ಲ. ಯುಗಾದಿ ತನಕ ಒಂದೇ ಕೆಲಸದಲ್ಲಿ ನಿಲ್ಲಲಿ, ಹುಡುಗಿ ಅವನಿಗೇ. ತಪ್ಪಿದರೆ ಕಂಟ್ರಾಕ್ಟರ್ ಮಗ ಕಾದವ್ನೆ."

ಜವನಮ್ಮ ಮಗನನ್ನು ಎಳೆದುಕೊಂಡು ಬೋರಣ್ಣನ ಅಂಗಡಿಗೆ ಹೋದಳು. ಬೋರಣ್ಣ ಮದುವೆ ಮನೆಗಳಿಗೆ ಶಾಮಿಯಾನ, ಕೊಪ್ಪರಿಗೆ, ಕುರ್ಚಿ ಬಾಡಿಗೆಗೆ ಕೊಡುವವನು. ಯಾವ ಸಾಮಾನು ಯಾರ ಮನೆಯಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಗಿ, ಒಂದು ಕಂಪ್ಯೂಟರ್ ತಂದು ಅದರೊಳಗೆ ಡೇಟಾಬೇಸ್ ಮಾಡಿಸಿದ್ದ. ಸಣ್ಣೀರನ ಬೆರಳು ಚುರುಕು. ಒಂದು ಅಕ್ಷರ ತಪ್ಪು ಒತ್ತುವವನಲ್ಲ, ಅವನನ್ನೇ ಅದರ ಮುಂದೆ ಕೂರಿಸಿದ.

"ಕೇಳೋ ಸಣ್ಣೀರ" ಅಂದ ಬೋರಣ್ಣ. "ಡೇಟಾಬೇಸ್ ಅಂದರೆ ಉಗ್ರಾಣ ಇದ್ದ ಹಾಗೆ. ಕಸ ಸೇರಬಾರದು. ಒಂದೇ ಹೆಸರು ಎರಡು ಸಲ ಕಂಡರೆ ಒಂದನ್ನು ಅಳಿಸಿಬಿಡು!"

"ಇಷ್ಟೇನಾ ಅಣ್ಣ! ಸುಲಭ!"

ಅಳಿಸಿಬಿಟ್ಟ! ತೋಟದ ಬೀದಿಯ ಪುಟ್ಟಮ್ಮನ ಮನೆಯಲ್ಲಿ ಗೃಹಪ್ರವೇಶ, ಕೆರೆ ಬೀದಿಯ ಪುಟ್ಟಮ್ಮನ ಮನೆಯಲ್ಲಿ ಮೊಮ್ಮಗನ ನಾಮಕರಣ. ಇಬ್ಬರು ಪುಟ್ಟಮ್ಮ ಕಂಡರು, ಒಬ್ಬ ಪುಟ್ಟಮ್ಮನನ್ನು ತೆಗೆದ. ತೋಟದ ಬೀದಿಗೆ ಗಾಡಿ ಹೋಯಿತು. ಕೆರೆ ಬೀದಿಗೆ ಒಂದು ಸೌಟೂ ಹೋಗಲಿಲ್ಲ. ಅಕ್ಕಿ ತೊಳೆದಾಗಿದೆ, ನೆಂಟರು ಬಂದಾಗಿದೆ, ಬೇಯಿಸಲು ಪಾತ್ರೆಯಿಲ್ಲ! ಕೆರೆ ಬೀದಿ ಪುಟ್ಟಮ್ಮ ಪೊರಕೆ ಹಿಡಿದು ಬಂದಳು.

"ಎಲ್ಲೋ ನನ್ನ ಕೊಪ್ಪರಿಗೆ?"

"ನೀವು ಇಲ್ಲ ಕಣಮ್ಮ! ನಿಮ್ಮನ್ನು ಅಳಿಸಿದ್ದೀನಿ!"

"ಅಳಿಸ್ತೀಯ? ನನ್ನನ್ನ? ತಗೋ!"

ಪೊರಕೆ ಮುರಿಯಿತು. ಬೋರಣ್ಣ ಹಣೆ ಚಚ್ಚಿಕೊಂಡ. "ಥೂ ಪೆದ್ದ! ಹೆಸರು ಒಂದೇ ಆದ್ರೆ ಆಳು ಒಂದೇನಾ? ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಡಬೇಕು. ಒಬ್ಬರ ನಂಬರ್ ಇನ್ನೊಬ್ಬರಿಗಿಲ್ಲ. ಹೆಸರು ಹೇಳಿದರೆ ಒಪ್ಪಬೇಡ, ನಂಬರ್ ಕೇಳು!"

"ಇಷ್ಟೇನಾ ಅಣ್ಣ! ಮೊದಲೇ ಹೇಳಬಾರದಾ!"

ಅವತ್ತು ಸಂಜೆ ಹಲಗೇಗೌಡ ಹುಡುಗನ ಕೆಲಸ ಹೇಗೆ ನಡೀತಿದೆ ನೋಡೋಣ ಅಂತ ತಂಗಿಯ ಮನೆಗೆ ಬಂದ. ಜವನಮ್ಮ ದಿನಸಿ ತರಲು ಹೋಗಿದ್ದಳು, ಒಳಗೆ ಸಣ್ಣೀರ ಒಬ್ಬನೇ. ಬಾಗಿಲು ಬಡಿದ.

"ಯಾರು?"

"ನಾನು ಕಣೋ, ನಿನ್ನ ಮಾವ."

"ಹೆಸರು ಬೇಡ! ನಂಬರ್ ಹೇಳಿ!"

"ಲೋ, ಹಲಗೇಗೌಡ ಕಣೋ! ನಿನ್ನ ಅವ್ವನ ಸ್ವಂತ ಅಣ್ಣ!"

"ಹಲಗೇಗೌಡರು ಎಷ್ಟು ಜನ ಇಲ್ಲ ಲೋಕದಲ್ಲಿ! ನಂಬರ್ ಇಲ್ವಾ? ಇಲ್ದೆ ಹೋದ್ರೆ ಕೊಡ್ತೀನಿ, ತಿರುಗಿ ನಿಲ್ಲಿ!"

ಕೊಪ್ಪರಿಗೆಗಳ ತಳಕ್ಕೆ ಅಂಗಡಿ ಹೆಸರು ಬರೆಯುವ ಕೆಂಪು ಬಣ್ಣ, ಕುಂಚ ಎರಡೂ ಮನೆಯಲ್ಲಿದ್ದವು. ಏನು ಕೊಡ್ತಾನೋ ಅಂತ ಹಲಗೇಗೌಡ ತಿರುಗಿದ್ದೇ ತಡ, ಬಿಳಿ ಅಂಗಿಯ ಬೆನ್ನ ತುಂಬ ಅಂಗೈ ಅಗಲದ ನಂಬರು! ಬಿಸಿಯಾಗಿ ಬಂದವನು ಬೆಂಕಿಯಾಗಿ ಹೋದ. ದಾರಿಯಲ್ಲಿ ಕಂಡವರೆಲ್ಲ ಅವನ ಬೆನ್ನು ಓದಿದರು. ಮನೆಯಲ್ಲಿ ಚೆಲುವಿ ಓದಿದಳು. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾರಪ್ಪ ಹಾಕಿದ್ದು? ಅತ್ತೆ ಮಗನಾ?" ಅಂದಳು, ಮತ್ತೆ ನಕ್ಕಳು.

ಜವನಮ್ಮ ಅಣ್ಣನ ಕಾಲು ಹಿಡಿದು ಸಮಾಧಾನ ಮಾಡಿ ಬಂದಳು. "ಅಯ್ಯೋ ಕಂದ! ಹೆಣ್ಣು ಕೊಡೋ ಮಾವನ ಬೆನ್ನಿಗೆ ಬಣ್ಣ ಬಳಿದೆಯಲ್ಲೋ!"

ಬೋರಣ್ಣ ಕಂಪ್ಯೂಟರ್ ತೆರೆದು ನೋಡಿದ. ಅಲ್ಲಿ ಮಾವನ ಹೊಸ ನಂಬರಿನ ಎದುರು, ಪಟ್ಟಿಯ ಒಂದೇ ಮನೆಯೊಳಗೆ ಹೀಗೆ ಬರೆದಿತ್ತು: ಹಲಗೇಗೌಡ ಮಾವ ಬಿಳಿ ಅಂಗಿ ಛತ್ರಿ ಮೀಸೆ ಬಹಳ ಕೋಪ.

"ಥೂ ಪೆದ್ದ! ನಂಬರ್ ಇರೋದು ಕಂಪ್ಯೂಟರಿನೊಳಗೆ, ಅಂಗಿ ಮೇಲಲ್ಲ! ಮತ್ತೆ ಇದೇನು, ಒಂದೇ ಮನೆಗೆ ಎಲ್ಲ ತುರುಕಿದ್ದೀಯ? ಆಮೇಲೆ ಹುಡುಕೋದು ಹೇಗೆ? ಬೇರೆ ಬೇರೆ ಬಗೆಯದನ್ನು ಬೇರೆ ಬೇರೆ ಇಡು. ಒಂದು ಮನೆಗೆ ಒಂದೇ ಬಗೆ!"

"ಇಷ್ಟೇನಾ ಅಣ್ಣ! ಮೊದಲೇ ಹೇಳಬಾರದಾ!"

ಮಾರನೆಯ ದಿನ ಊರಲ್ಲಿ ಮೂರು ಮದುವೆ. ಬೋರಣ್ಣ ಪಕ್ಕದೂರಿಗೆ ಹೋಗಿದ್ದ. ಸಣ್ಣೀರನೇ ಗಾಡಿ ತುಂಬಿಸಿದ. ಒಂದು ಮನೆಗೆ ಒಂದೇ ಬಗೆ! ಮೊದಲನೇ ಮನೆಗೆ ಕೊಪ್ಪರಿಗೆಗಳೆಲ್ಲ. ಎರಡನೇ ಮನೆಗೆ ಮುಚ್ಚಳ, ಸೌಟುಗಳೆಲ್ಲ. ಮೂರನೇ ಮನೆಗೆ ಶಾಮಿಯಾನದ ಕಂಬಗಳೆಲ್ಲ. ಶಾಮಿಯಾನದ ಬಟ್ಟೆ ಉಳಿಯಿತು. ನಾಲ್ಕನೇ ಮದುವೆ ಇರಲಿಲ್ಲ, ಅದಕ್ಕೆ ಪೊಲೀಸ್ ಠಾಣೆಗೆ ಕಳಿಸಿದ.

ಏನು ಹೇಳಲಿ ಆ ದಿನದ ಗದ್ದಲ! ಕೊಪ್ಪರಿಗೆಯವರು ಕೊಡದಿಂದ ಸಾರು ಕಲಕಿದರು. ಮುಚ್ಚಳದವರು ಮುಚ್ಚಳದ ಮೇಲೆ ಉಪ್ಪಿಟ್ಟು ಹುರಿದರು. ಕಂಬದವರು ಬರೀ ಕಂಬದ ನಡುವೆ ಬಿಸಿಲಲ್ಲಿ ಕೂತರು, ಮದುಮಗಳ ಕುಂಕುಮ ಬೆವರಿಗೆ ಮೂಗಿನ ತನಕ ಇಳಿಯಿತು. ಠಾಣೆಯ ಪೇದೆ ಬಟ್ಟೆ ಹೊತ್ತುಕೊಂಡು ಬಂದು, "ಯಾರ್ರೀ ನಮಗೆ ಮದುವೆ ಮಾಡಕ್ಕೆ ಹೊರಟೋರು?" ಅಂದ.

ಬೋರಣ್ಣ ಪಕ್ಕದೂರಿಂದ ಬಂದ. "ಎದ್ದು ಹೋಗು! ಈಗಲೇ ಹೋಗು!"

ಜವನಮ್ಮ ಓಡಿಬಂದಳು. "ಬೋರಣ್ಣ, ನಿನ್ನ ದಮ್ಮಯ್ಯ! ಯುಗಾದಿ ತನಕ ಕಣಪ್ಪ! ಕಂಟ್ರಾಕ್ಟರ್ ಮಗ ದಿನಾ ನಮ್ಮಣ್ಣನ ಬೀದೀಲಿ ಬೈಕ್ ಓಡಿಸ್ತಾವ್ನೆ!"

ಬೋರಣ್ಣನಿಗೆ ಹೆಣ್ಣುಮಕ್ಕಳ ಕಣ್ಣೀರು ಕಂಡರೆ ಆಗದು. "ಆಯ್ತು ಬಿಡವ್ವ. ಲೋ, ಬೇರೆ ಬೇರೆ ಇಟ್ಟರೆ ಸಾಲದು ಕಣೋ, ಒಂದಕ್ಕೊಂದು ಕೊಂಡಿ ಇರಬೇಕು! ಗಿರಾಕಿ ನಂಬರ್ ಬಂತು ಅಂದರೆ ಕೊಪ್ಪರಿಗೆ, ಮುಚ್ಚಳ, ಕಂಬ, ಬಟ್ಟೆ ಎಲ್ಲ ಆ ನಂಬರಿನ ಹಿಂದೆಯೇ ಬರಬೇಕು. ಒಂದೂ ಬಿಡದೆ ಕಳಿಸು!"

"ಇಷ್ಟೇನಾ ಅಣ್ಣ! ಮೊದಲೇ ಹೇಳಬಾರದಾ!"

ಆಗ ಬೋರಣ್ಣನಿಗೆ ಹೊಸ ಉಮೇದು. ಅಂಗಡಿಯ ಪಟ್ಟಿಯನ್ನು ಇಂಟರ್‌ನೆಟ್‌ಗೆ ಹಾಕಿಸಿದ. ಮನೆಯಲ್ಲೇ ಕೂತು ಫೋನಿನಲ್ಲಿ ಎಲ್ಲ ಸಾಮಾನು ನೋಡಬಹುದು, ಬೇಕಾದರೆ ಬುಕ್ ಮಾಡಬಹುದು! ಊರೆಲ್ಲ ನೋಡಲು ಕಾದಿತ್ತು. ಮೊದಲು ನೋಡಿದವನು ಮುದ್ದಯ್ಯ. ಮುದ್ದಯ್ಯ ಅರವತ್ತು ದಾಟಿದ ಬ್ರಹ್ಮಚಾರಿ. ಮಧ್ಯಾಹ್ನ ಹೊತ್ತು ಹೋಗದೆ, ಕನ್ನಡಕ ಹಾಕಿಕೊಂಡು, ಶಾಮಿಯಾನದ ಚಿತ್ರ ದೊಡ್ಡದು ಮಾಡಿ ಚಿಕ್ಕದು ಮಾಡಿ ನೋಡುತ್ತಿದ್ದ.

ಪಟ್ಟಿ ನೋಡುವವರ ನಂಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಮುದ್ದಯ್ಯನ ನಂಬರ್ ಮೂಡಿತು. ಸಣ್ಣೀರ ಎದ್ದು ನಿಂತ! ನಂಬರ್ ಬಂತು! ಒಂದೂ ಬಿಡದೆ ಕಳಿಸಬೇಕು!

ಮುದ್ದಯ್ಯ ಮಲಗಿ ಏಳುವಷ್ಟರಲ್ಲಿ ಮನೆ ಮುಂದೆ ಶಾಮಿಯಾನ, ಎರಡು ಕಡೆ ಬಾಳೆಕಂಬ, ಸಾಲು ಸಾಲು ಕುರ್ಚಿ, ಒಳಗೆ ಕೊಪ್ಪರಿಗೆ, ಹೊರಗೆ ಹಂಡೆ! ಅಕ್ಕಪಕ್ಕದವರು ಹಣ್ಣುಕಾಯಿ ತಟ್ಟೆ ಹಿಡಿದು ಬಂದೇಬಿಟ್ಟರು.

"ಅಂತೂ ಒಪ್ಪಿದೆಯಲ್ಲ ಮುದ್ದಯ್ಯ!"

"ಹೆಣ್ಣು ಯಾವೂರು ಮುದ್ದಯ್ಯ?"

"ಯಾವ ಹೆಣ್ಣು? ಯಾರ ಹೆಣ್ಣು? ಅಯ್ಯಯ್ಯೋ!" ಅಂತ ಮುದ್ದಯ್ಯ ಹಿತ್ತಲ ಗೋಡೆ ಹಾರಿ ಓಡಿದ. ಅವನನ್ನು ಹುಡುಕಿ ಕರೆತರಲು ಬೋರಣ್ಣನೇ ಹೋಗಬೇಕಾಯಿತು.

"ಥೂ ಪೆದ್ದ, ಪೆದ್ದರ ಗುರು! ನೋಡಿದವರೆಲ್ಲ ಗಿರಾಕಿಯೇನೋ? ಯಾವುದನ್ನೇ ಖಾಯಂ ಮಾಡೋ ಮೊದಲು, 'ಖಚಿತವೇ? ಹೌದೋ, ಇಲ್ಲವೋ?' ಅಂತ ಕೇಳು. ಸುಮ್ಮನಿದ್ದರೆ ಒಪ್ಪಿದರು ಅಂದುಕೋಬೇಡ. ಬಾಯಿಬಿಟ್ಟು ಹೌದು ಅನ್ನಬೇಕು! ಹೌದು ಅಂದ ತಕ್ಷಣ ಓಡಿಬಂದು ಕಂಪ್ಯೂಟರಿಗೆ ಹಾಕು. ಆಮೇಲೆ ಮಿಕ್ಕ ಕೆಲಸ!"

"ಇಷ್ಟೇನಾ ಅಣ್ಣ! ಮೊದಲೇ ಹೇಳಬಾರದಾ!"

ಯುಗಾದಿ ಬಂತು! ಸಣ್ಣೀರ ಅದೇ ಅಂಗಡಿಯಲ್ಲಿದ್ದ! ಹಲಗೇಗೌಡ ಹಲ್ಲು ಕಡಿದ, ಮೀಸೆ ಕಡಿದ, ಆದರೆ ಕೊಟ್ಟ ಮಾತು ಕಡಿಯಲಿಲ್ಲ. ಅಂಗಡಿ ಇರುವ ಬೀದಿಯ ಕೊನೆಯ ಛತ್ರದಲ್ಲೇ ಮದುವೆ. ಸಣ್ಣೀರನಿಗೆ ಪೇಟ, ಬಾಸಿಂಗ. ಚೆಲುವಿಗೆ ಕೆಂಪು ಸೀರೆ. ಆ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಹಸೆಮಣೆ ಮೇಲೆ ಕೂತ ಹೆಣ್ಣು ತಲೆ ಎತ್ತಬಾರದು, ತುಟಿ ಬಿಚ್ಚಬಾರದು.

"ಗಟ್ಟಿಮೇಳ!" ಅಂದರು ಪುರೋಹಿತರು. ವಾಲಗ ಮೊಳಗಿತು. ಸಣ್ಣೀರ ತಾಳಿ ಹಿಡಿದ. ಹಿಡಿದು ನಿಂತ.

"ಚೆಲುವಿ, ಖಚಿತವೇ? ಹೌದೋ, ಇಲ್ಲವೋ?"

ವಾಲಗ ನಿಂತಿತು. ಚೆಲುವಿ ತಲೆ ಇನ್ನಷ್ಟು ತಗ್ಗಿಸಿದಳು.

"ಕಟ್ಟಯ್ಯ! ಮುಹೂರ್ತ ಜಾರ್ತಿದೆ!" ಅಂದರು ಪುರೋಹಿತರು.

"ಕಟ್ಟೋ ಮಗ! ನನ್ನಪ್ಪ, ಕಟ್ಟೋ!" ಅಂತ ಜವನಮ್ಮ ಸೆರಗು ಒಡ್ಡಿದಳು.

"ಸುಮ್ಮನಿದ್ದಾಳಲ್ಲ ಅವ್ವ! ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ!"

"ನಾನು ಹೇಳ್ತೀನಿ ಕಣೋ, ಹೌದು!" ಅಂತ ಹಲಗೇಗೌಡ ಗುಡುಗಿದ.

"ನಿಮ್ಮನ್ನು ಕಟ್ಟಿಕೊಳ್ತಿಲ್ಲ ಮಾವ! ಅವಳು ಹೇಳಬೇಕು!"

ಹಲಗೇಗೌಡನ ಮುಖ ಕಪ್ಪಾಯಿತು. "ಸಾಕು! ಎದ್ದೇಳೇ ಚೆಲುವಿ! ಈ ಮದುವೆಯೂ ಬೇಡ, ಈ ಹುಚ್ಚನೂ ಬೇಡ!" ಅಂತ ಮಗಳ ರಟ್ಟೆಗೆ ಕೈ ಹಾಕಿದ.

ಚೆಲುವಿ ತಲೆ ಎತ್ತಿದಳು. ಇಡೀ ಛತ್ರ ನೋಡಿತು. ಅಪ್ಪನ ಕೈ ಬಿಡಿಸಿಕೊಂಡಳು. ಈ ಮದುವೆಗೆ ಊರನ್ನೆಲ್ಲ ಕೇಳಿದ್ದರು, ಜೋಯಿಸರನ್ನು ಕೇಳಿದ್ದರು, ಅಡುಗೆಯವರನ್ನೂ ಕೇಳಿದ್ದರು. ಅವಳನ್ನು ಕೇಳಿದವನು ಇವನೊಬ್ಬನೇ.

"ಹೌದು!" ಅಂದಳು. ಕಂಬ ಅದುರುವ ಹಾಗೆ ಅಂದಳು. "ಹೌದು ಕಣೋ, ಹೌದು!"

ಜನ ಅಕ್ಷತೆಗೆ ಕೈ ಎತ್ತಿದರು. ಸಣ್ಣೀರ ಎಲ್ಲಿ? ಹಸೆಮಣೆ ಖಾಲಿ! ಹೌದು ಅಂದ ತಕ್ಷಣ ಕಂಪ್ಯೂಟರಿಗೆ ಹಾಕಬೇಕು! ತಾಳಿ ಹಿಡಿದುಕೊಂಡೇ ಬೀದಿಗೆ ಹಾರಿದ್ದ! ಅವನ ಹಿಂದೆ ಸೀರೆ ಎತ್ತಿ ಕಟ್ಟಿ ಚೆಲುವಿ. ಅವಳ ಹಿಂದೆ ಪಂಚಾಂಗ ಹಿಡಿದ ಪುರೋಹಿತರು. ಅವರ ಹಿಂದೆ ಹಲಗೇಗೌಡ, ಜವನಮ್ಮ, ಬೋರಣ್ಣ, ಊದುತ್ತಲೇ ಓಡುವ ವಾಲಗದವರು!

ಅಂಗಡಿಯಲ್ಲಿ ಸಣ್ಣೀರನ ಬೆರಳು ಪಟಪಟ ಓಡುತ್ತಿತ್ತು. ತಾಳಿ ಅವನ ಮುಂಗೈಯಲ್ಲಿ ತೂಗಾಡುತ್ತಿತ್ತು. ಬೋರಣ್ಣನ ಕಂಪ್ಯೂಟರಿಗೆ ಗೊತ್ತಿದ್ದದ್ದು ಬಾಡಿಗೆ ಸಾಮಾನಿನ ಲೆಕ್ಕ ಒಂದೇ. ಸಣ್ಣೀರ ಗಟ್ಟಿಯಾಗಿ ಓದಿಕೊಳ್ಳುತ್ತ ತುಂಬಿಸಿದ. "ಕೊಟ್ಟವರು, ಹಲಗೇಗೌಡ. ತಗೊಂಡವರು, ಸಣ್ಣೀರ. ಏನು? ಚೆಲುವಿ. ಎಷ್ಟು? ಒಂದು." ಅಲ್ಲಿಗೆ ಬೆರಳು ನಿಂತಿತು. ತಿರುಗಿ ನೋಡಿದ.

"ಮಾವ, ಬೇಗ ಹೇಳಿ! ಇವಳನ್ನು ವಾಪಸ್ ಯಾವತ್ತು ತಂದುಕೊಡಲಿ?"

ಹಲಗೇಗೌಡ ಪಕ್ಕದಲ್ಲಿದ್ದ ಸೌಟಿಗೆ ಕೈ ಹಾಕಿದ.

"ಏಳು ಜನ್ಮ ಆದ ಮೇಲೆ!" ಅಂದಳು ಚೆಲುವಿ, ಏದುಸಿರಿನಲ್ಲಿ.

"ಇದು ತಾರೀಕು ಕೇಳುತ್ತೆ ಚೆಲುವಿ! ಏಳನೇ ಜನ್ಮ ಮುಗಿಯೋದು ಯಾವ ತಾರೀಕು?"

ಸಣ್ಣೀರ ಪುರೋಹಿತರ ಕಡೆ ತಿರುಗಿದ. "ಸ್ವಾಮಿ, ಪಂಚಾಂಗ ನಿಮ್ಮ ಕೈಲೇ ಇದೆಯಲ್ಲ! ನೋಡಿ ಹೇಳಿ!"

ಪುರೋಹಿತರು, ಅವರದೇನು ತಪ್ಪು, ದಿನ ಕೇಳಿದರೆ ಪುಟ ತಿರುವುವುದು ಅವರ ಅಭ್ಯಾಸ. ತಿರುವತೊಡಗಿದರು. ಅಷ್ಟರಲ್ಲಿ ಚೆಲುವಿ ತಾಳಿ ಸಮೇತ ಸಣ್ಣೀರನ ಎರಡೂ ಕೈ ಹಿಡಿದು ಎಳೆದು ತನ್ನ ಕೊರಳಿಗೆ ಸುತ್ತಿಕೊಂಡಳು. "ಕಟ್ಟು!" ಅಂದಳು. ಕಟ್ಟು ಅಂದರೆ ಕಟ್ಟುವವನು ಅವನು! ಒಂದು ಗಂಟು, ಎರಡು ಗಂಟು, ಮೂರು ಗಂಟು! ಕೊಪ್ಪರಿಗೆಗಳ ನಡುವೆ ಅಕ್ಷತೆ ಸುರಿಯಿತು, ಹಂಡೆಗಳ ಮೇಲೆ ಟಪಟಪ ಸದ್ದಾಯಿತು. ಜವನಮ್ಮ ಅಳುತ್ತ ನಕ್ಕಳು, ನಗುತ್ತ ಅತ್ತಳು. ವಾಲಗದವರು ಕೆನ್ನೆ ಹರಿಯುವ ಹಾಗೆ ಊದಿದರು.

ಸಣ್ಣೀರ ಮಾತ್ರ ಮೂರನೇ ಗಂಟು ಬಿಗಿಯುತ್ತ, ಹೆಂಡತಿಯ ಹೆಗಲ ಮೇಲಿಂದ ಕತ್ತು ಚಾಚಿ ಕೂಗಿದ: "ಸ್ವಾಮಿ! ತಾರೀಕು ಸಿಕ್ತಾ?"