ಸೇತುವೆಯ ಕೆಳಗೆ ತೆಗೆದ ಚಿತ್ರ

“ಒಳ್ಳೆಯ ಕೆಲಸ ಮಾಡುವವನು ಅದನ್ನು ನಾಲ್ಕು ಜನಕ್ಕೆ ತೋರಿಸಿದರೆ ತಪ್ಪೇನು ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಒಬ್ಬ ಪಾದ್ರಿ ಇದ್ದ. ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಸುರಿದು ಮೂಸುತ್ತ ರೈಲ್ವೆ ಸೇತುವೆಯ ಕೆಳಗೆ ಬಿದ್ದಿರುವ ಮಕ್ಕಳನ್ನು ಎತ್ತಿ ತರುವುದು ಅವನ ಕೆಲಸ. ಕೇಳಿ ತರುತ್ತಿರಲಿಲ್ಲ. ಕೈಕಾಲು ಹಿಡಿದು ಹೊತ್ತುಕೊಂಡೇ ಬರುತ್ತಿದ್ದ. ನಶೆ ಇಳಿಯುವವರೆಗೆ ಕೋಣೆಗೆ ಚಿಲಕ ಹಾಕಿ ತಾನೂ ಒಳಗೇ ಕೂರುತ್ತಿದ್ದ. ಮಕ್ಕಳು ಕಚ್ಚಿದ ಗಾಯ ಅವನ ಮುಂಗೈ ತುಂಬ ಇತ್ತು. ಊರಲ್ಲಿ ಅರ್ಧ ಜನ ದೇವರಂಥವನು ಎಂದರು. ಉಳಿದವರು ಮಕ್ಕಳ ಕಳ್ಳ, ಜಾತಿ ಕೆಡಿಸಲು ಕೂಡಿಹಾಕುತ್ತಾನೆ ಎಂದರು. ಹಲ್ಲಿನ ಗಾಯ ಮಾಯುತ್ತಿತ್ತು, ಈ ಮಾತು ಮಾಯಲಿಲ್ಲ.

ಅಷ್ಟರಲ್ಲಿ ಸಾಕ್ಷ್ಯಚಿತ್ರ ತೆಗೆಯುವವನೊಬ್ಬ ಬಂದ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೇನೆ, ಬೈದವರ ಬಾಯಿ ತಾನಾಗಿ ಮುಚ್ಚುತ್ತದೆ ಎಂದ. ಆದರೆ ಯಾವನೋ ಮಂತ್ರಿ ಬರುತ್ತಾನೆಂದು ಸೇತುವೆಯ ಕೆಳಗಿನ ಮಕ್ಕಳನ್ನೆಲ್ಲ ಆಗಲೇ ಓಡಿಸಿಬಿಟ್ಟಿದ್ದರು. ಪಾದ್ರಿಯ ಮನೆಯಲ್ಲಿ ಕೆಂಚ ಎಂಬ ಹುಡುಗನಿದ್ದ. ಚಟ ಬಿಟ್ಟು ವರ್ಷವಾಗಿತ್ತು, ಬೇಕರಿ ಕೆಲಸ ಕಲಿಯುತ್ತಿದ್ದ. ಅವನನ್ನೇ ಅಲ್ಲಿ ಕೂರಿಸೋಣ ಎಂದು ಚಿತ್ರ ತೆಗೆಯುವವನು ಹೇಳಿದ. ನೀರಲ್ಲಿ ನೆನೆಸಿದ ಬಟ್ಟೆ ಕೊಟ್ಟು ನೋಡಿದರು. ಕಣ್ಣಲ್ಲಿ ನಶೆಯೇ ಇಲ್ಲ, ಸ್ಕೂಲ್ ಡೇ ನಾಟಕದ ಹಾಗಿದೆ ಎಂದು ಅವನು ಗೊಣಗಿದ. ಸಲ್ಯೂಷನ್ ತರಿಸಿದರು.

ಹುಡುಗ ಪಾದ್ರಿಯ ಮುಖ ನೋಡಿದ. “ನಿಜವಾಗ್ಲೂ ಮೂಸ್ಬೇಕಾ ಫಾದರ್, ಇಲ್ಲ ಸುಮ್ನೆ ಮಾಡ್ಲಾ?”

ಪಾದ್ರಿಗೆ ಊರಿನ ಮಾತು ನೆನಪಾಯಿತು. “ಒಂದೇ ಸಲ ಕಣೋ. ನಾನಿದ್ದೀನಲ್ಲ” ಎಂದ.

ಚಿತ್ರ ಚೆನ್ನಾಗಿ ಬಂತು. ನೋಡಿದವರೆಲ್ಲ ಅತ್ತರು. ಬೈದವರೇ ಬಂದು ಪಾದ್ರಿಗೆ ಶಾಲು ಹೊದಿಸಿದರು. ಅಷ್ಟು ಹೊತ್ತಿಗೆ ಕೆಂಚ ಮನೆ ಬಿಟ್ಟು ಓಡಿಹೋಗಿದ್ದ. ಹುಡುಕಿಕೊಂಡು ಹೋದ ಪಾದ್ರಿಗೆ ಅವನು ಸಿಕ್ಕಿದ್ದು ಸೇತುವೆಯ ಕೆಳಗೆ, ಬಟ್ಟೆಯನ್ನು ಮೂಗಿಗೊತ್ತಿ ಕೂತಿದ್ದ. ಹುಡುಗ ಓಡಲಿಲ್ಲ, ಕಚ್ಚಲೂ ಇಲ್ಲ. ಪಾದ್ರಿಯ ಬೆನ್ನ ಹಿಂದೆ ಇಣುಕಿ ನೋಡಿ ಕೇಳಿದ:

“ಕ್ಯಾಮ್ರಾದೋರು ಎಲ್ಲಿ?”

ಎಷ್ಟೋ ಮಕ್ಕಳನ್ನು ಹೊತ್ತು ತಂದಿದ್ದ ಪಾದ್ರಿಗೆ ಇವನನ್ನು ಮುಟ್ಟಲು ಕೈ ಬರಲಿಲ್ಲ.

“ಹೋಗಲಿ, ಆ ಚಿತ್ರದಿಂದ ಉಳಿದ ಮಕ್ಕಳಿಗಾದರೂ ಒಳ್ಳೆಯದಾಯಿತಲ್ಲ” ಎಂದ ಶಿಷ್ಯ.

“ಒಬ್ಬನೇ ವಾಪಸು ಬರುವಾಗ ಪಾದ್ರಿಯೂ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡ” ಎಂದರು ಗುರುಗಳು.