ಪುರಭವನಕ್ಕೆ ದಾರಿ

ದಾರಿ ಹೇಳುವವರು ಇವತ್ತು ಕಣ್ಣಿಗೆ ಕಾಣುವುದನ್ನೇ ಗುರುತಾಗಿ ಹೇಳಬೇಕು. ಒಂದು ಊರಿನಲ್ಲಿ ಈ ನಿಯಮವನ್ನು ಎಲ್ಲರೂ ಮುರಿದಿದ್ದರು.

ತರಕಾರಿ ಲಾರಿಯಲ್ಲಿ ಊರಿಗೆ ಬಂದಿಳಿದ ಬೆಕ್ಕೊಂದರ ಮರಿಯನ್ನು ಯಾರೋ ಎತ್ತಿಕೊಂಡು ಹೋಗಿ ಪುರಭವನದ ಮೆಟ್ಟಿಲ ಕೆಳಗೆ ಬಿಟ್ಟಿದ್ದರು. ಕಾಗೆ ಅದನ್ನು ಕಂಡು ಬಂದು ಬೆಕ್ಕಿಗೆ ಹೇಳಿತು. ಮರಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬೆಳಗಿನಿಂದ ಹಾಲೂ ಕುಡಿದಿರಲಿಲ್ಲ.

“ಪುರಭವನ ಎಲ್ಲಿದೆಯಣ್ಣ?” ಎಂದು ಬೆಕ್ಕು ಕೇಳಿತು.

“ಅಷ್ಟೂ ಗೊತ್ತಿಲ್ಲವೇ? ಟಾಕೀಸಿನ ಪಕ್ಕ,” ಎಂದಿತು ಕಾಗೆ.

ಬೆಕ್ಕು ಊರೆಲ್ಲ ಸುತ್ತಿತು. ಟಾಕೀಸು ಸಿಗಲಿಲ್ಲ. ಆಡನ್ನು ಕೇಳಿತು.

“ಟಾಕೀಸೇ? ಜಟಕಾ ನಿಲ್ದಾಣದ ಎದುರು, ತಂಗಿ. ಕಣ್ಣು ಮುಚ್ಚಿಕೊಂಡು ಹೋದರೂ ಸಿಗುತ್ತದೆ.”

ಕಣ್ಣು ಬಿಟ್ಟುಕೊಂಡು ಹೋದರೂ ಜಟಕಾ ನಿಲ್ದಾಣ ಸಿಗಲಿಲ್ಲ. ದೀಪದ ಕಂಬವನ್ನು ಕೇಳಿದರೆ, “ದೊಡ್ಡ ಹುಣಸೆಮರದ ಹತ್ತಿರ ಎಡಕ್ಕೆ ತಿರುಗು,” ಎಂದಿತು.

ಮರವೂ ಕಾಣದೆ ಬೆಕ್ಕು ಮತ್ತೆ ಕಾಗೆಯ ಬಳಿಗೇ ಬಂತು. ಕಾಗೆ ನಕ್ಕಿತು. “ಎಂಥ ಪೆದ್ದಿಯಮ್ಮ ನೀನು! ರಸ್ತೆ ಅಗಲ ಮಾಡುವಾಗ ಮರ ಕಡಿದರು. ಜಟಕಾ ನಿಲ್ದಾಣ ಎಂದೋ ಹೋಯಿತು. ಟಾಕೀಸು ಕೆಡವಿ ಕಲ್ಯಾಣ ಮಂಟಪ ಕಟ್ಟಿದರು, ಆಮೇಲೆ ಅದನ್ನೂ ಕೆಡವಿದರು. ಊರಿಗೆಲ್ಲ ಗೊತ್ತಿರುವ ಸಂಗತಿ!”

ಬೆಕ್ಕು ಕೊನೆಗೆ ಮುದಿ ಕತ್ತೆಯ ಮುಂದೆ ನಿಂತು ಅತ್ತಿತು.

“ನನ್ನನ್ನು ಕೇಳಬೇಡ, ತಾಯಿ. ಬಾಯಿ ತೆರೆದರೆ ನಾನೂ ಇಲ್ಲದ್ದನ್ನೇ ಹೇಳುತ್ತೇನೆ,” ಎಂದಿತು ಕತ್ತೆ.

ಆಮೇಲೆ ಅದು ಎದ್ದು, ತಾನು ಹುಟ್ಟಿ ಬೆಳೆದ ಬೀದಿಗಳನ್ನೇ ಹೊಸಬನಂತೆ ಮೂಲೆಮೂಲೆಗೂ ಮೂಸುತ್ತ, ಬೆಕ್ಕಿನ ಮುಂದೆ ನಡೆಯಿತು. ಮರಿಯ ಕೂಗು ಕಿವಿಗೆ ಬೀಳುವವರೆಗೂ ಅದು ಬಾಯಿ ತೆರೆಯಲಿಲ್ಲ.